ಹತ್ತು ಸಾವಿರ ಹೆಜ್ಜೆ ಅಂತ ಹೇಳಿದವರು ಯಾರು?

ಹೋದ ವರ್ಷದ ದೀಪಾವಳಿಗೆ ನಾವು ಅಪ್ಪನಿಗೆ ಒಂದು ವಾಚು ತಂದುಕೊಟ್ಟೆವು. ತಾಲ್ಲೂಕು ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ 1,400 ರೂಪಾಯಿ. ಹೆಜ್ಜೆ, ನಾಡಿ, ನಿದ್ದೆ, ಬಿಪಿ, ಆಕ್ಸಿಜನ್, ಸಕ್ಕರೆ ಆರೂ ಒಂದೇ ಪರದೆಯಲ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಎಂಟು ವರ್ಷವಾಗಿದೆ. "ಇನ್ನು ಬೆರಳು ಚುಚ್ಚಿಸಿಕೊಳ್ಳೋ ಕೆಲಸ ಇಲ್ಲ ಬಿಡು" ಅಂದರು. ನಮಗೂ ಖುಷಿಯಾಯಿತು. ಮೂರು ತಿಂಗಳು ಆ ವಾಚು ದಿನಾ 108, 112, 115 ಅಂತ ತೋರಿಸಿತು. ಅಪ್ಪ ಧೈರ್ಯವಾಗಿ ಕಾಫಿಗೆ ಬೆಲ್ಲ ಹಾಕಿಕೊಂಡರು. ಮಾಘ ಮಾಸದಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಆದ ಗಾಯ ಆರಲೇ ಇಲ್ಲ. ಆಶಾ ಕಾರ್ಯಕರ್ತೆ ಬಂದು ಬೆರಳು ಚುಚ್ಚಿ ನೋಡಿದರೆ 318. ಅದೇ ಹೊತ್ತಿಗೆ ವಾಚು 111 ಅನ್ನುತ್ತಿತ್ತು.

ಅಂದು ರಾತ್ರಿ ಸಿಟ್ಟಿಗೆ ಆ ವಾಚನ್ನು ಒಂದು ಬಾಳೆಹಣ್ಣಿಗೆ ಕಟ್ಟಿದೆವು. ಹಣ್ಣಿನ ನಾಡಿ 74, ಸಕ್ಕರೆ 109.

ನಾವು ಜಿಲ್ಲಾ ವರದಿಗಾರರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳದೆ ಬರೆಯಬಾರದು ಅಂತ ಡಿಪ್ಲೊಮಾದ ಮೊದಲ ವಾರವೇ ಹೇಳಿಕೊಟ್ಟಿದ್ದರು. ಮನೆಯ ವಿಷಯದಲ್ಲಿ ಅದನ್ನು ಮರೆತೆವು. ಹಾಗಾಗಿ ಎರಡನೇ ಪಟ್ಟಿ ಕೊಳ್ಳುವ ಮುಂಚೆ, ಪರದೆಯ ಮೇಲಿನ ಒಂದೊಂದು ಅಂಕಿಯೂ ಎಲ್ಲಿಂದ ಬಂತು ಅಂತ ಹುಡುಕಲು ಕೂತೆವು. ಅದರಲ್ಲಿ ಹೆಜ್ಜೆಯ ಕಥೆಯೇ ಎಲ್ಲಕ್ಕಿಂತ ಹಳೆಯದು, ಸೊಗಸಾದದ್ದು. ಅದರಿಂದಲೇ ಶುರು ಮಾಡೋಣ.

ನಮ್ಮ ಅಜ್ಜಂದಿರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಒಂದು ಹರದಾರಿ ಅಂದರೆ ಸುಮಾರು ಮೂರು ಮೈಲಿ. ಈ 'ಮೈಲಿ' ಅನ್ನುವ ಪದವೇ ಹೆಜ್ಜೆಯಿಂದ ಹುಟ್ಟಿದ್ದು. ರೋಮ್ ಸೈನಿಕರು ಎಡಗಾಲು, ಬಲಗಾಲು ಎರಡನ್ನೂ ಸೇರಿಸಿ ಒಂದು ಅಂತ ಎಣಿಸುತ್ತಿದ್ದರು. ಅಂಥ ಸಾವಿರ ಸೇರಿದರೆ ಒಂದು ಮೈಲಿ. ಲ್ಯಾಟಿನ್ನಿನಲ್ಲಿ 'ಮಿಲ್ಲೆ' ಅಂದರೆ ಸಾವಿರ. ಅಂದರೆ ನಮ್ಮ ಲೆಕ್ಕದಲ್ಲಿ 2,000 ಹೆಜ್ಜೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಬ್ರಿಟಿಷರಿಗೆ ಮೈಸೂರು ಸೀಮೆಯ ಅಳತೆ ಬೇಕಾಯಿತು. ವಿಲಿಯಂ ಲ್ಯಾಂಬ್ಟನ್ ಅನ್ನುವ ಅಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. ಎರಡು ವರ್ಷದ ನಂತರ ಮದ್ರಾಸಿನಲ್ಲಿ ಇನ್ನೊಂದು ಗೆರೆ ಅಳೆದು ಶುರುವಾದ ಕೆಲಸವೇ ಮುಂದೆ ಇಡೀ ದೇಶವನ್ನು ಅಳೆದ ಮಹಾ ಸರ್ವೆಯಾಯಿತು. ಆ ಸರ್ವೆ ಹಿಮಾಲಯದವರೆಗೆ ಹೋಗಿ ನಿಂತಿತು. ಆಚೆ ಟಿಬೆಟ್. ಅಲ್ಲಿ ಬಿಳಿಯರಿಗೆ ಪ್ರವೇಶವಿಲ್ಲ. ಸರಪಳಿ ಎಳೆದುಕೊಂಡು ಹೋದರೆ ತಲೆ ಉಳಿಯುವುದಿಲ್ಲ.

ಆಗ ಕ್ಯಾಪ್ಟನ್ ಮಾಂಟ್ಗೊಮೆರಿ ಒಂದು ಉಪಾಯ ಮಾಡಿದ. ಗಡಿಯ ಹಳ್ಳಿಗಳ ನಮ್ಮವರನ್ನೇ ಯಾತ್ರಿಕರ ವೇಷದಲ್ಲಿ ಕಳಿಸುವುದು, ಅವರ ಕಾಲೇ ಅಳತೆಗೋಲು. ಕುಮಾವೂನಿನ ಮಿಲಂ ಎಂಬ ಊರಿನ ನೈನ್ ಸಿಂಗ್ ರಾವತ್ ಊರ ಶಾಲೆಯ ಮೇಷ್ಟ್ರು. 1863ರಲ್ಲಿ ಅವನಿಗೆ ಡೆಹ್ರಾಡೂನಿನಲ್ಲಿ ತರಬೇತಿ ಶುರುವಾಯಿತು. ಏರಿದ್ದರೂ, ಇಳಿಜಾರಿದ್ದರೂ, ಬಯಲಿದ್ದರೂ ಹೆಜ್ಜೆಯ ಉದ್ದ ಒಂದೇ ಇರಬೇಕು, ಮೈಲಿಗೆ ಸುಮಾರು 2,000. ನಡೆದು ನಡೆದು ಅದನ್ನು ಮೈಗೆ ಹತ್ತಿಸಿಕೊಂಡ.

ಎಣಿಸುವುದು ಹೇಗೆ? ಕೈಯಲ್ಲಿ ಜಪಮಾಲೆ. ಜಪಮಾಲೆಯಲ್ಲಿ 108 ಮಣಿ ಇರುತ್ತವೆ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು. ನೈನ್ ಸಿಂಗನ ಮಾಲೆಯಲ್ಲಿ ಇದ್ದದ್ದು ಬರೀ 100. ಎಂಟು ಮಣಿ ಕಡಿಮೆ ಇರುವುದನ್ನು ಯಾರು ಎಣಿಸಿ ನೋಡುತ್ತಾರೆ? ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಮಾಲೆ ಒಂದು ಸುತ್ತು ಬಂದರೆ 10,000 ಹೆಜ್ಜೆ, ಐದು ಮೈಲಿ. ಪ್ರಾರ್ಥನೆಯ ಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿ. ಊರುಗೋಲಿನೊಳಗೆ ಥರ್ಮಾಮೀಟರು. ದಾರಿಯಲ್ಲಿ ಯಾರಾದರೂ ಮಾತಿಗೆ ಬಂದರೆ ಜಪಕ್ಕೆ ಕೂತವನಂತೆ ಕಣ್ಣು ಮುಚ್ಚಿಬಿಟ್ಟರಾಯಿತು.

ಹೀಗೆ ಹೊರಟವನು 1866ರ ಜನವರಿಯಲ್ಲಿ ಲಾಸಾ ಮುಟ್ಟಿದ. ಅಳೆದ ದಾರಿ ಸುಮಾರು 1,200 ಮೈಲಿ. ನೀವೇ ಗುಣಿಸಿ ನೋಡಿ: 24 ಲಕ್ಷ ಹೆಜ್ಜೆ. ಬ್ಯಾಟರಿ ಇಲ್ಲ, ಬ್ಲೂಟೂತ್ ಇಲ್ಲ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ 1877ರಲ್ಲಿ ಚಿನ್ನದ ಪದಕ ಕೊಟ್ಟಿತು. ಭಾರತ ಸರ್ಕಾರ 2004ರಲ್ಲಿ ಅವನ ಹೆಸರಲ್ಲಿ ಅಂಚೆ ಚೀಟಿ ತಂದಿತು. ನಮ್ಮ ಶಾಲೆಯ ಪುಸ್ತಕದಲ್ಲಿ ಎವರೆಸ್ಟ್ ಸಾಹೇಬನ ಹೆಸರಿತ್ತು, ಈ ಮೇಷ್ಟ್ರ ಹೆಸರು ಇದ್ದ ನೆನಪು ನಮಗಿಲ್ಲ.

ಮಾಲೆಯ ಒಂದು ಸುತ್ತಿಗೂ, ಇವತ್ತು ವಾಚು ನಮಗೆ ಕೊಡುವ ದಿನದ ಗುರಿಗೂ ಒಂದೇ ಸಂಖ್ಯೆ. ಇದು ಕಾಕತಾಳೀಯ ಅಷ್ಟೆ. ವಾಚಿನ ಹತ್ತು ಸಾವಿರ ಹುಟ್ಟಿದ್ದು ಜಪಾನಿನಲ್ಲಿ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದು, ದೇಶಕ್ಕೆ ದೇಶವೇ ವ್ಯಾಯಾಮದ ಮಾತಾಡುತ್ತಿದ್ದ ಕಾಲ. ಮರುವರ್ಷ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಒಂದು ಯಂತ್ರ ತಂದಿತು. ಹೆಸರು 'ಮಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಯೊಶಿರೊ ಹಟಾನೊ ಎಂಬ ಸಂಶೋಧಕರು ಜನ ಹೆಚ್ಚು ನಡೆಯಬೇಕು ಅಂತ ಹೇಳುತ್ತಿದ್ದರು ನಿಜ. ಆದರೆ 9,000ಕ್ಕೆ ಸಾಯುತ್ತೀರಿ, 10,000ಕ್ಕೆ ಬದುಕುತ್ತೀರಿ ಅಂತ ಯಾರೂ ಪರೀಕ್ಷೆ ಮಾಡಿ ಹೇಳಿರಲಿಲ್ಲ. ಗುಂಡಗಿನ ಸಂಖ್ಯೆ, ಬಾಯಲ್ಲಿ ಉಳಿಯುವ ಹೆಸರು, ಚೆನ್ನಾಗಿ ಮಾರಾಟವಾಯಿತು.

ಪರೀಕ್ಷೆ ಆದದ್ದು ಅರ್ಧ ಶತಮಾನ ಕಳೆದ ಮೇಲೆ. ಅಮೆರಿಕದಲ್ಲಿ ಐ-ಮಿನ್ ಲೀ ಮತ್ತವರ ತಂಡ ಸುಮಾರು 17,000 ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ 2019ರಲ್ಲಿ ಪ್ರಕಟಿಸಿತು. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವು ಕಡಿಮೆ. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. 2025ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ, 57 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಕೂಡ 7,000ದ ಸುತ್ತಲೇ ನಿಂತಿತು. ಆದ್ದರಿಂದ ನಿಮ್ಮ ವಾಚು ರಾತ್ರಿ ಹತ್ತು ಗಂಟೆಗೆ ಗುರಿ ಮುಟ್ಟಿಲ್ಲ ಅಂತ ಗುರುಗುಟ್ಟಿದರೆ ಬೇಜಾರು ಮಾಡಿಕೊಳ್ಳಬೇಡಿ. ಸೆಟ್ಟಿಂಗಿನಲ್ಲಿ ಗುರಿ ಬದಲಿಸಬಹುದು. ಅಪ್ಪನದನ್ನು ನಾವು 5,000ಕ್ಕೆ ಇಳಿಸಿದ್ದೇವೆ.

ಸೊಂಟದ ಯಂತ್ರ ಮಣಿಕಟ್ಟಿಗೆ ಬಂದದ್ದು ಕಾರಿನ ದಾರಿಯಲ್ಲಿ. ಕಾರು ಗುದ್ದಿದ ಕ್ಷಣವೇ ಗಾಳಿಚೀಲ ಬಿಚ್ಚಿಕೊಳ್ಳಬೇಕಲ್ಲ? ಆ ಧಕ್ಕೆ ಹಿಡಿಯಲು 1990ರ ದಶಕದಲ್ಲಿ ಕಾಳಿಗಿಂತ ಸಣ್ಣ ಚಲನೆಯ ಸಿಲಿಕಾನ್ ಚಿಪ್ಪುಗಳು ಬಂದವು. ಅದೇ ಚಿಪ್ಪು 2006ರಲ್ಲಿ ನಿಂಟೆಂಡೊ ವೀ ಆಟದ ಹಿಡಿಕೆಗೆ ಹೋಯಿತು. ಅದನ್ನು ನೋಡಿ ಇದನ್ನು ಮೈಮೇಲೆ ಯಾಕೆ ಧರಿಸಬಾರದು ಅಂತ ಜೇಮ್ಸ್ ಪಾರ್ಕ್, ಎರಿಕ್ ಫ್ರೀಡ್‌ಮನ್ ಎಂಬಿಬ್ಬರು 2007ರಲ್ಲಿ ಫಿಟ್‌ಬಿಟ್ ಕಟ್ಟಿದರು. 2009ರಲ್ಲಿ ಬಂದ ಅವರ ಮೊದಲ ಯಂತ್ರ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು, ಬೆಲೆ 99 ಡಾಲರು. 2014ರಲ್ಲಿ ಚೀನಾದ ಶಿಯೋಮಿ 79 ಯುವಾನಿಗೆ ಮಿ ಬ್ಯಾಂಡ್ ತಂದಿತು, ಮರುವರ್ಷ ಅದು ನಮ್ಮಲ್ಲಿ 999 ರೂಪಾಯಿಗೆ ಸಿಕ್ಕಿತು. ಪೇಟೆಯವರ ಆಟಿಕೆ ಹಳ್ಳಿಯ ಅಂಗಡಿಗೆ ಬಂದದ್ದು ಆಗ.

ಆದರೆ ಚಿಪ್ಪಿಗೆ ಕಾಲು ಕಾಣುವುದಿಲ್ಲ, ನೋಡಿ. ಅದು ಹಿಡಿಯುವುದು ಕೈ ಬೀಸುವ ಲಯವನ್ನು. ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟು ಎರಡೂ ಕೈಯಲ್ಲಿ ಹಿಡಿದು ನಡೆದರೆ ಕೈ ಬೀಸುವುದಿಲ್ಲ. ಸೊಂಟದಲ್ಲಿ ಕೊಡ ಇದ್ದರೂ ಅಷ್ಟೆ. ಅದೇ ಟ್ರಾಕ್ಟರಿನಲ್ಲಿ ಕೂತು ಗುಂಡಿ ರಸ್ತೆಯಲ್ಲಿ ಬಂದರೆ ಕೂತಲ್ಲೇ ಹೆಜ್ಜೆ ಏರಬಹುದು. ನಮ್ಮ ಅತ್ತೆ ಒಂದು ದಿನ ಅಪ್ಪನ ವಾಚು ಕಟ್ಟಿಕೊಂಡು ನಾಟಿಗೆ ಹೋದರು. ಬೆಳಗಿಂದ ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ಓಡಾಡಿದ್ದಾರೆ. ಮಧ್ಯಾಹ್ನ ವಾಚು ನಡುಗಿ, ತುಂಬಾ ಹೊತ್ತಿನಿಂದ ಕೂತಿದ್ದೀರಿ, ಎದ್ದು ಓಡಾಡಿ ಅಂತ ಇಂಗ್ಲಿಷಿನಲ್ಲಿ ಬುದ್ಧಿ ಹೇಳಿತು.

ಇನ್ನು ನಾಡಿ. ಅಮೆರಿಕದ ಮೊಂಟಾನದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಓಡಾಡುವವನ ಹೃದಯ ಅಳೆಯಲು ಮಾಡಿದ ಯಂತ್ರ ಸುಮಾರು 38 ಕೆಜಿ ಇತ್ತು, ಭತ್ತದ ಅರ್ಧ ಮೂಟೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕಿತ್ತು. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಪಟ್ಟಿಯಿಂದ ತಂತಿಯಿಲ್ಲದೆ ಕೈಗಡಿಯಾರಕ್ಕೆ ನಾಡಿ ಕಳಿಸಿತು. ಈಗಿನ ವಾಚಿನ ಅಡಿಯಲ್ಲಿ ಮಿನುಗುವ ಹಸಿರು ದೀಪದ ತತ್ವ 1930ರ ದಶಕದ್ದು: ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಹೃದಯ ಬಡಿದಾಗೆಲ್ಲ ಹೆಚ್ಚು ರಕ್ತ ಬಂದು ಬೆಳಕು ಮಂಕಾಗುತ್ತದೆ, ಮಂಕಾದದ್ದನ್ನು ಎಣಿಸುವುದು. ಬಾಳೆಹಣ್ಣಿನಲ್ಲಿ ರಕ್ತವಿಲ್ಲ, ಆದರೆ ಬೆಳಕು ವಾಪಸು ಬರುತ್ತದೆ. ಆ ಗದ್ದಲದಲ್ಲೇ ಯಂತ್ರ ಒಂದು ಲಯ ಹುಡುಕಿಬಿಡುತ್ತದೆ.

ಹಸಿರು ಬೆಳಕನ್ನು ರಕ್ತ ಮಾತ್ರ ಹೀರುವುದಿಲ್ಲ. ಚರ್ಮದ ಕಪ್ಪು ಬಣ್ಣವೂ ಹೀರುತ್ತದೆ, ಹಚ್ಚೆಯೂ ಹೀರುತ್ತದೆ. ನಮ್ಮ ಅಜ್ಜಿಯರ ಮುಂಗೈ ತುಂಬ ಹಚ್ಚೆ ಇರುತ್ತದಲ್ಲ, ಅದರ ಮೇಲೆ ಕಟ್ಟಿದರೆ ನಾಡಿ ಸಿಗದೆ ಹೋಗಬಹುದು. ಹಚ್ಚೆ ಇಲ್ಲದ ಕೈಗೆ ಕಟ್ಟಬೇಕು.

ಆಕ್ಸಿಜನ್ ಅಳೆಯುವ ಉಪಾಯ ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ ಅವರದು, 1974ರದು. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಬೆರಳಿಗೆ ಸಿಕ್ಕಿಸಿದರಲ್ಲ, ಅದೇ. ಅಯೋಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಪ್ರಪಂಚವೆಲ್ಲ ಅವರ ಯಂತ್ರಕ್ಕೆ ಕೈಚಾಚಿದ್ದ ಹೊತ್ತಿನಲ್ಲಿ. ಅದೇ ವರ್ಷ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ವಿಷಯ ಹೊರಹಾಕಿದರು. ಆಸ್ಪತ್ರೆಯ ಬೆರಳ ಯಂತ್ರ ಸರಿಯಿದೆ ಅಂದಾಗಲೂ ರಕ್ತದಲ್ಲಿ ಆಕ್ಸಿಜನ್ ಇಳಿದಿದ್ದ ಪ್ರಕರಣಗಳು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು. ಆಸ್ಪತ್ರೆಯ ಯಂತ್ರದ್ದೇ ಹೀಗಾದರೆ 1,400 ರೂಪಾಯಿಯ ವಾಚಿನದ್ದು ಏನು? ಏದುಸಿರು ಬರುತ್ತಿದ್ದರೆ ವಾಚು 98 ಅಂದರೂ ಆಸ್ಪತ್ರೆಗೆ ಹೋಗಿ.

ನಿದ್ದೆಗೆ ಬರೋಣ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆ ದಾಖಲಿಸಿದ. ಶಿಕಾಗೊದಲ್ಲಿ ಯೂಜೀನ್ ಅಸೆರಿನ್ಸ್ಕಿ ತನ್ನ ಪುಟ್ಟ ಮಗನ ತಲೆಗೆ ತಂತಿ ಅಂಟಿಸಿ ಮಲಗಿಸಿ, ನಿದ್ದೆಯ ನಡುವೆ ಕಣ್ಣುಗುಡ್ಡೆ ಓಡಾಡುವುದನ್ನು ಕಂಡ. 1953ರಲ್ಲಿ ಗುರು ಕ್ಲೈಟ್‌ಮನ್ ಜೊತೆ ಅದನ್ನು ಪ್ರಕಟಿಸಿದ. ನಿದ್ದೆಯಲ್ಲಿ ಮೆಟ್ಟಿಲುಗಳಿವೆ ಅಂತ ಗೊತ್ತಾದದ್ದು ಹೀಗೆ, ತಲೆಯ ತಂತಿಯಿಂದ. ವಾಚಿಗೆ ತಲೆ ಸಿಗುವುದಿಲ್ಲ, ಅದು ಮಣಿಕಟ್ಟು ಅಲ್ಲಾಡಿತೇ, ನಾಡಿ ಇಳಿಯಿತೇ ಅಂತ ನೋಡಿ ಊಹಿಸುತ್ತದೆ. ಎಷ್ಟು ಹೊತ್ತು ಮಲಗಿದಿರಿ ಎಂಬುದು ಸುಮಾರಾಗಿ ಸರಿ. ಗಾಢನಿದ್ದೆ ಇಷ್ಟು, ಕನಸಿನ ನಿದ್ದೆ ಅಷ್ಟು ಎಂಬುದನ್ನು ಭವಿಷ್ಯದ ಅಂಕಣ ಓದಿದಂತೆ ಓದಿ. ಸಾಲದ ಚಿಂತೆಯಲ್ಲಿ ಸೂರು ನೋಡುತ್ತಾ ಅಲ್ಲಾಡದೆ ಮಲಗಿದವನಿಗೂ ಅದು ನಿದ್ದೆಯ ಅಂಕ ಕೊಡುತ್ತದೆ. ತ್ರೀಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಎದ್ದು ಮೋಟರು ಹಾಕಬೇಕಾದ ರೈತನಿಗೆ, ಇನ್ನೂ ಬೇಗ ಮಲಗಿ ಅಂತ ಸಲಹೆ ಬೇರೆ.

ಕೊನೆಗೆ, ನಮ್ಮನ್ನು ಮೋಸ ಮಾಡಿದ ಅಂಕಿ. ಹೆಜ್ಜೆಗೆ, ನಾಡಿಗೆ, ಆಕ್ಸಿಜನ್ನಿಗೆ, ನಿದ್ದೆಗೆ ಒಂದೊಂದು ಇತಿಹಾಸವಿದೆ, ತಪ್ಪುಗಳ ಸಮೇತ. ಮುಳ್ಳು ಚುಚ್ಚದೆ ಸಕ್ಕರೆ ಅಳೆಯುತ್ತೇನೆ ಅನ್ನುವ ಇಂಥ ಅಗ್ಗದ ವಾಚಿನ ಅಂಕಿಗೆ ಅಂಥ ಆಧಾರವಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಅಂಥ ಒಂದು ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ಎಚ್ಚರಿಸಿತು. ನಾವು ವಾಚು ಕೊಂಡದ್ದು ಅದಾದ ಮೇಲೆ. ಓದಿರಲಿಲ್ಲ. ಆ ವಾಚಿನ ಪೆಟ್ಟಿಗೆಯ ತಳದಲ್ಲಿ, ಇರುವೆಯ ಗಾತ್ರದ ಅಕ್ಷರದಲ್ಲಿ, ಇದು ವೈದ್ಯಕೀಯ ಉಪಕರಣವಲ್ಲ ಅಂತಲೂ ಇತ್ತು. ಅಪ್ಪನ ಗಾಯ ಆರಲು ಯುಗಾದಿ ದಾಟಿತು. ಬೆರಳು ಉಳಿಯಿತು.

ಈ ಸಲ ಕೊಳ್ಳುವಾಗ ಅಂಗಡಿಯಲ್ಲೇ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಸುತ್ತ ಬಾಯಿಂದ ಎಣಿಸುತ್ತಾ 200 ಹೆಜ್ಜೆ ನಡೆದೆವು. ಒಂದು 203 ತೋರಿಸಿತು, ಇನ್ನೊಂದು 261. ಕೂತು, ಮಣಿಕಟ್ಟಿನ ನಾಡಿಯನ್ನು ಬೆರಳಲ್ಲಿ ಒಂದು ನಿಮಿಷ ಎಣಿಸಿ ಪರದೆಯ ಜೊತೆ ಹೋಲಿಸಿದೆವು. ಸಕ್ಕರೆ ಅಳೆಯುತ್ತೇನೆ ಅನ್ನುವ ವಾಚನ್ನು ಕೈಗೇ ಎತ್ತಿಕೊಳ್ಳಲಿಲ್ಲ, ಒಂದರಲ್ಲಿ ಸುಳ್ಳು ಹೇಳುವುದು ಉಳಿದದ್ದರಲ್ಲಿ ನಿಜ ಹೇಳುತ್ತದೆ ಅಂತ ಹೇಗೆ ನಂಬುವುದು? ಚಾರ್ಜು ವಾರ ಬರುತ್ತದೆಯೇ, ಪಟ್ಟಿ ಹರಿದರೆ ಬೇರೆ ಸಿಗುತ್ತದೆಯೇ, ಬಿಸಿಲಲ್ಲಿ ಅಂಕಿ ಕಾಣುತ್ತದೆಯೇ ಅಂತ ಕೇಳಿದೆವು. ಅಂಗಡಿಯ ಹುಡುಗನಿಗೆ ನಗು. ನಗಲಿ.

ಅಪ್ಪ ಈಗ ಬೆಳಿಗ್ಗೆ ಕೆರೆ ಏರಿಯ ತುದಿಗೆ ಹೋಗಿ ಬರುತ್ತಾರೆ, ಅಷ್ಟಕ್ಕೆ 4,000 ಚಿಲ್ಲರೆ. ಸಕ್ಕರೆಗೆ ಬೆರಳೇ. ಮೊನ್ನೆ ನಾಟಿ ಇದ್ದಾಗ ಅತ್ತೆಗೆ ಈ ಹೊಸ ಪಟ್ಟಿಯನ್ನು ಕೈಗೆ ಬದಲು ಕಾಲ್ಗೆಜ್ಜೆಯ ಮೇಲೆ ಕಟ್ಟಿ ಕಳಿಸಿದೆವು. ಸಂಜೆ ನೋಡಿದರೆ 14,380. ಅತ್ತೆ ಪರದೆಯನ್ನು ಒಂದು ಸಲ ನೋಡಿ, "ಇದರ ಮೇಲೆ ಕೂಲಿ ಏನಾದ್ರೂ ಜಾಸ್ತಿ ಕೊಡ್ತಾರಾ?" ಅಂತ ಕೇಳಿ, ಕೆಸರು ಒರೆಸಿ ಬಿಚ್ಚಿಕೊಟ್ಟರು.