ಪ್ರೋಗ್ರಾಮಿಂಗ್‌ನ ಆನ್‌ಲೈನ್ ಸಂವಾದಿ ಪಾಠಗಳು (ಬೀದರ್, ಭಾಲ್ಕಿ, ಔರಾದ್)

ಕೋಡ್ ಬರೆದು, ಓಡಿಸಿ, ತಪ್ಪನ್ನು ಅಲ್ಲೇ ತಿದ್ದಿಕೊಳ್ಳುತ್ತ ಕಲಿಯುವ ಅಂತರಜಾಲದ ಪಾಠಗಳು. ಬೀದರಿನ ಗುರುನಾನಕ್ ದೇವ್ ಮತ್ತು ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಸಿ, ಜಾವಾ, ಪೈಥಾನ್ ಅಲ್ಲಿನ ಪಠ್ಯದ ಭಾಗ. ಔರಾದಿನಂಥ ಗಡಿ ತಾಲ್ಲೂಕಿನಲ್ಲಿ ಮನೆಮಾತು ಕನ್ನಡ, ಮರಾಠಿ, ಉರ್ದು ಏನೂ ಆಗಿರಬಹುದು, ಕೋಡ್ ಮಾತ್ರ ಇಂಗ್ಲಿಷ್.

ಇಂಥಲ್ಲಿ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಬಹಳ ಬೆಲೆಯುಳ್ಳದ್ದು. ಸುಮಾರು ಹತ್ತು ನಿಮಿಷದ ಒಂದೊಂದು ವಿಡಿಯೊದಲ್ಲಿ ತೆರೆಯ ಮೇಲಿನ ಅಕ್ಷರ ಇಂಗ್ಲಿಷಿನದು, ವಿವರಣೆಯ ಧ್ವನಿ ಕನ್ನಡದ್ದೂ ಸಿಗುತ್ತದೆ. ವಿದ್ಯಾರ್ಥಿ ವಿಡಿಯೊ ನಿಲ್ಲಿಸಿ, ಪಕ್ಕದ ಕಿಟಕಿಯಲ್ಲಿ ಅದೇ ಆಜ್ಞೆ ಟೈಪಿಸಿ, ಮುಂದುವರಿಯಬೇಕು. ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು.

ಫಿಲಿಪ್ ಗುವೊ 2010ರಲ್ಲಿ ರೂಪಿಸಿದ ಪೈಥಾನ್ ಟ್ಯೂಟರ್ ಇನ್ನೊಂದು ಬಗೆಯದು. ತನ್ನನ್ನೇ ಕರೆದುಕೊಳ್ಳುವ ಫ್ಯಾಕ್ಟೋರಿಯಲ್ ಫಂಕ್ಷನ್ನಿಗೆ 4 ಕೊಟ್ಟು ಒಂದೊಂದೇ ಹೆಜ್ಜೆ ಒತ್ತಿದರೆ 4, 3, 2, 1ರ ಚೌಕಗಳು ಒಂದರ ಕೆಳಗೊಂದು ಮೂಡುತ್ತವೆ. ಆಮೇಲೆ 1, 2, 6, 24 ಎಂದು ಉತ್ತರ ಕೊಡುತ್ತ ಅಳಿಯುತ್ತವೆ. ಕರಿಹಲಗೆಯಲ್ಲಿ ಎಷ್ಟು ಬಿಡಿಸಿದರೂ ತಲೆಗೆ ಹೋಗದ ರಿಕರ್ಷನ್ ಹೀಗೆ ಕಣ್ಣಿಗೆ ಕಾಣುತ್ತದೆ.

ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್, 2017ರಲ್ಲಿ ಬಂದ ಸ್ವಯಂ ವೇದಿಕೆಯ ಕೋರ್ಸುಗಳೂ ಉಚಿತ; ಸ್ವಯಂನಲ್ಲಿ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕವಿದೆ.