ಸೌಹಾರ್ದ ಸಭೆಯಲ್ಲಿ ಕೇರಿಯ ಕುರ್ಚಿ ಎಲ್ಲಿ?

ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆ ಹೊತ್ತಲ್ಲಿ ಗಲಾಟೆಯಾಗಿ ಅಂಗಡಿಗಳು ಉರಿದವು. ಮಾರನೇ ವರ್ಷ ಅದೇ ಸೆಪ್ಟೆಂಬರಲ್ಲಿ ಮದ್ದೂರು. ಎರಡು ಸಲವೂ ಬೆಂಗಳೂರಿನ ಗೆಳೆಯರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಮಂಡ್ಯ ಹೀಗಿರಲಿಲ್ಲವಲ್ಲ, ಏನಾಯ್ತು?’

ಹೀಗಿರಲಿಲ್ಲ ಅನ್ನೋದು ಅರ್ಧ ಸತ್ಯ. ಹಿಂದೂ-ಮುಸ್ಲಿಂ ಲೆಕ್ಕದಲ್ಲಿ ನೋಡಿದರೆ ಹೌದು, ಕರಾವಳಿಗೆ ಹೋಲಿಸಿದರೆ ನಮ್ಮ ಕಡೆ ತಣ್ಣಗಿತ್ತು. ಕೇರಿ ಲೆಕ್ಕದಲ್ಲಿ ನೋಡಿದರೆ ಮಂಡ್ಯ ಯಾವತ್ತು ತಣ್ಣಗಿತ್ತು ಹೇಳಿ? ನಾವು ಸುಮ್ಮನಿದ್ದದ್ದನ್ನೇ ಊರು ಶಾಂತಿ ಅಂತ ಕರೀತಿತ್ತು ಅಷ್ಟೇ. ಹಾಗಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕು ಮುಂದಿಟ್ಟುಕೊಂಡು, ಇಲ್ಲಿ ಬೇರೆ ಬೇರೆ ಧರ್ಮದವರು, ಜಾತಿಯವರು ಯಾವಾಗ ಒಟ್ಟಾಗಿ ನಿಂತರು, ಯಾಕೆ ನಿಂತರು, ಆಮೇಲೆ ಯಾಕೆ ಚದುರಿದರು ಅನ್ನೋದನ್ನ ನೆನಪಿಸಿಕೊಳ್ಳೋಣ ಅಂತ ಕೂತೆ.

ಮೊದಲು ಮೇಲುಕೋಟೆ. ಪಾಂಡವಪುರ ತಾಲೂಕಿನ ಈ ಬೆಟ್ಟದ ಕತೆ ಎಲ್ಲ ಸೌಹಾರ್ದ ಭಾಷಣದಲ್ಲೂ ಬರುತ್ತೆ. ರಾಮಾನುಜರು ಉತ್ಸವಮೂರ್ತಿ ಹುಡುಕಿಕೊಂಡು ದಿಲ್ಲಿಗೆ ಹೋದರು, ಆ ಮೂರ್ತಿಯನ್ನ ಪ್ರೀತಿಸಿದ ಸುಲ್ತಾನನ ಮಗಳು ಹಿಂದೆಯೇ ಬಂದಳು, ಬೀಬಿ ನಾಚ್ಚಿಯಾರ್ ಆಗಿ ಚೆಲುವನಾರಾಯಣನ ಪಾದದಲ್ಲಿ ಜಾಗ ಪಡೆದಳು. ಇತಿಹಾಸದ ಲೆಕ್ಕಕ್ಕೆ ಇದು ಕೂಡಲ್ಲ. ರಾಮಾನುಜರ ಕಾಲಕ್ಕೆ ದಿಲ್ಲಿಯಲ್ಲಿ ಸುಲ್ತಾನರೇ ಇರಲಿಲ್ಲ. ಆದರೂ ಕತೆ ಕಟ್ಟಿದ ಜನಕ್ಕೆ ಮುಸ್ಲಿಂ ಹೆಣ್ಣುಮಗಳನ್ನ ಗರ್ಭಗುಡಿಗೆ ಕರಕೊಂಡು ಹೋಗೋಕೆ ಮುಜುಗರ ಆಗಲಿಲ್ಲ, ಅದು ದೊಡ್ಡದೇ.

ಕತೆಯ ಇನ್ನೊಂದು ತುಂಡು ಭಾಷಣದಲ್ಲಿ ಬರೋದು ಕಮ್ಮಿ. ಮೂರ್ತಿ ತರುವಾಗ ದಾರಿಯಲ್ಲಿ ಕಾಪಾಡಿದವರು ನಮ್ಮವರಂತೆ. ಅದಕ್ಕೆ ‘ತಿರುಕುಲದವರು’ ಅಂತ ಹೆಸರು ಕೊಟ್ಟರು, ದೇವಸ್ಥಾನದೊಳಗೆ ಬಿಟ್ಟರು. ಎಷ್ಟು ದಿನ? ವರ್ಷಕ್ಕೆ ಮೂರು ದಿನ. ದೇವರನ್ನ ಹೊತ್ತು ಕಾಪಾಡಿದವರಿಗೆ ಮೂರು ದಿನ! ದಿಲ್ಲಿಯ ರಾಜಕುಮಾರಿಗೆ ಪಾದದಲ್ಲಿ ಜಾಗ ಸಿಕ್ಕಿತು, ಪಕ್ಕದ ಕೇರಿಯವನಿಗೆ ಹೊಸಿಲಲ್ಲಿ ಕ್ಯಾಲೆಂಡರ್ ಸಿಕ್ಕಿತು. ಕತೆ ಹೇಳುವವರು ಎರಡೂ ತುಂಡನ್ನ ಹೇಳಬೇಕು.

ಇದೇ ಮೇಲುಕೋಟೆಯಲ್ಲಿ ಟಿಪ್ಪು ಕಾಲದ್ದು ಅನ್ನಲಾದ ಸಂಜೆಯ ‘ಸಲಾಂ ಆರತಿ’ ಹೆಸರನ್ನ 2022ರ ಡಿಸೆಂಬರಲ್ಲಿ ಮುಜರಾಯಿ ಇಲಾಖೆ ಬದಲಿಸಲು ತೀರ್ಮಾನಿಸಿತು. ಅಲ್ಲಿನ ಅಯ್ಯಂಗಾರ್ ಕುಟುಂಬಗಳು ಟಿಪ್ಪು ತಮ್ಮ ಹಿರೀಕರನ್ನ ಕೊಲ್ಲಿಸಿದ ಅಂತ ಇವತ್ತಿಗೂ ದೀಪಾವಳಿ ಮಾಡೋದಿಲ್ಲ. ಆ ನೋವಿನ ನೆನಪನ್ನ ನಾವು ಗೇಲಿ ಮಾಡಬೇಕಿಲ್ಲ. ಹಾಗೇ, 1791ರಲ್ಲಿ ಮರಾಠ ಸೈನ್ಯದವರು ಶೃಂಗೇರಿ ಮಠ ದೋಚಿದಾಗ ಮಠಕ್ಕೆ ನೆರವು ಕಳಿಸಿ ಕನ್ನಡದಲ್ಲಿ ಪತ್ರ ಬರೆಸಿದವನೂ ಅದೇ ಟಿಪ್ಪು. ಆ ಕಾಗದಗಳನ್ನ 1916ರಲ್ಲಿ ಹುಡುಕಿ ತೆಗೆದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ದೊರೆಗಳು ದೊರೆಗಳೇ. ಅವರನ್ನ ದೇವರೂ ಮಾಡೋದು ಬೇಡ, ದೆವ್ವವೂ ಮಾಡೋದು ಬೇಡ.

ಸರಿ, ಕತೆ ಬಿಟ್ಟು ಸಂಘಟನೆಗೆ ಬರೋಣ.

ನಮ್ಮ ಸೀಮೆಯಲ್ಲಿ ಧರ್ಮ ದಾಟಿ ಜನ ರಾಜಕೀಯವಾಗಿ ಕೂಡಿದ ಮೊದಲ ದೊಡ್ಡ ಉದಾಹರಣೆ 1917ರ ಪ್ರಜಾಮಿತ್ರ ಮಂಡಳಿ. ಆಗ ಮಂಡ್ಯ ಜಿಲ್ಲೆಯೇ ಇಲ್ಲ, ಅದು ಆಗಿದ್ದು 1939ರಲ್ಲಿ. ಈ ನಾಲ್ಕೂ ತಾಲೂಕು ಮೈಸೂರು ಜಿಲ್ಲೆಯಲ್ಲಿದ್ದವು. ಪಾಂಡವಪುರವನ್ನ ಇನ್ನೂ ಫ್ರೆಂಚ್ ರಾಕ್ಸ್ ಅಂತ ಕರೀತಿದ್ದರು. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಸೇರಿ, ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯವರ ಕೈಲಿದೆ, ನಮಗೂ ಪಾಲು ಬೇಕು ಅಂತ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟರು. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು: 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ. ಆ ಪಟ್ಟಿಯಲ್ಲಿ ಮುಸಲ್ಮಾನರೂ ಇದ್ದರು, ಭಾರತೀಯ ಕ್ರೈಸ್ತರೂ ಇದ್ದರು, ನಾವೂ ಇದ್ದೆವು.

ಇದನ್ನ ಒಪ್ಪದವರು ಯಾರು ಗೊತ್ತಾ? ದಿವಾನ್ ವಿಶ್ವೇಶ್ವರಯ್ಯನವರು. ಅವರು 1918ರಲ್ಲಿ ದಿವಾನಗಿರಿ ಬಿಟ್ಟದ್ದಕ್ಕೆ ಇದೂ ಒಂದು ಕಾರಣ ಅಂತ ಇತಿಹಾಸಕಾರರು ಬರೀತಾರೆ. ಕನ್ನಂಬಾಡಿ ಕಟ್ಟಿದವರು ಅಂತ ಮಂಡ್ಯದಲ್ಲಿ ಮನೆಮನೆಯಲ್ಲಿ ಅವರ ಫೋಟೊ ಇದೆ, ಇರಲಿ. ಅದೇ ಮನೆಯ ಅಜ್ಜನಿಗೆ ಶಾನುಭೋಗರ ಎದುರು ಕುರ್ಚಿ ಹಾಕಿಸಿದ ಸಮಿತಿಯ ಹೆಸರು ಮೊಮ್ಮಕ್ಕಳಿಗೆ ಗೊತ್ತಿಲ್ಲ. ಆ ಕುರ್ಚಿಗೆ ಅರ್ಜಿ ಹಾಕುವಾಗ ಪಕ್ಕದಲ್ಲಿ ಸಾಬರು ಸಹಿ ಮಾಡಿದ್ದರು ಅನ್ನೋದೂ ಗೊತ್ತಿಲ್ಲ.

ನನ್ನ ತಕರಾರು ಇಷ್ಟು. ಆ ಒಗ್ಗಟ್ಟು ನಿಂತಿದ್ದು ಪಾಲಿನ ಮೇಲೆ, ಪ್ರವಚನದ ಮೇಲಲ್ಲ. ಅದಕ್ಕೇ ಗಟ್ಟಿಯಾಗಿತ್ತು. ಆದರೆ ಪಾಲು ಬಂದಾಗ ಭೂಮಿ ಇದ್ದವರು ದೊಡ್ಡ ತುಂಡು ತಗೊಂಡರು, ನಮ್ಮ ತಟ್ಟೆಗೆ ಬಂದದ್ದು ಚೂರು. ಚದುರಿದ್ದೂ ಅಲ್ಲೇ.

ಮುಂದಿನ ದೊಡ್ಡ ಅಲೆ ಎಲ್ಲರಿಗೂ ಗೊತ್ತಿರೋದು. 1973ರ ನವೆಂಬರಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರ ‘ಬೂಸಾ’ ಮಾತು, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ. 80ರ ದಶಕದಲ್ಲಿ ಹಸಿರು ಟವೆಲ್. ನೀಲಿ ಮತ್ತು ಹಸಿರು ಕೂಡಬೇಕು ಅಂತ ಎಷ್ಟು ಸಭೆ ಆದವೋ! 2005ರಲ್ಲಿ ದೇವನೂರ ಮಹಾದೇವ ಮತ್ತು ರೈತಸಂಘದ ಗೆಳೆಯರು ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ಕ್ಯಾತನಹಳ್ಳಿಯ ಪುಟ್ಟಣ್ಣಯ್ಯನವರು 2013ರಲ್ಲಿ ಮೇಲುಕೋಟೆಯಿಂದ ಗೆದ್ದದ್ದು ಅದೇ ಪಕ್ಷದಿಂದ. ಹಸಿರು ಟವೆಲ್ಲಿನ ರೈತ ಸಭೆಯಲ್ಲಿ ಜೈ ಭೀಮ್ ಅಂದು, ಊರಿಗೆ ಹೋದಮೇಲೆ ಕೇರಿಯವನಿಗೆ ಬೇರೆ ಲೋಟ ಇಟ್ಟದ್ದನ್ನೂ ನಾವು ನೋಡಿದ್ದೀವಿ. ಆದರೂ ಆ ಪ್ರಯತ್ನ ಸುಳ್ಳಲ್ಲ.

2002-03ರ ಹೊತ್ತಿಗೆ ಬಾಬಾಬುಡನ್‌ಗಿರಿ ವಿಷಯಕ್ಕೆ ಕೋಮು ಸೌಹಾರ್ದ ವೇದಿಕೆ ಕಟ್ಟಿದಾಗ ದಸಂಸದವರು, ರೈತರು, ಸಾಹಿತಿಗಳು, ಮುಸ್ಲಿಂ ಗೆಳೆಯರು ಚಿಕ್ಕಮಗಳೂರಿಗೆ ಬಸ್ಸು ಹತ್ತಿದರು. ಗೌರಿ ಲಂಕೇಶ್ ಅರೆಸ್ಟ್ ಆದರು, ಗಿರೀಶ್ ಕಾರ್ನಾಡ್ ಬೀದಿಗಿಳಿದರು. ಗೌರಿಯನ್ನ 2017ರ ಸೆಪ್ಟೆಂಬರ್ 5ರಂದು ಕೊಂದರು. ಆ ಕೇಸಲ್ಲಿ ಮೊದಲು ಸಿಕ್ಕಿಬಿದ್ದ ಆರೋಪಿ ಮದ್ದೂರಲ್ಲಿ ಇದ್ದವನು. ಬೆಂಕಿ ಬೇರೆ ಕಡೆಯಿಂದ ಬಂತು ಅಂತ ಹೇಳೋರು ಇದನ್ನೂ ನೆನಪಿಟ್ಟುಕೊಳ್ಳಿ.

2022 ಬಂತು. ಫೆಬ್ರವರಿಯಲ್ಲಿ ಮಂಡ್ಯ ಕಾಲೇಜಲ್ಲಿ ಹಿಜಾಬ್ ಹಾಕಿದ ಒಬ್ಬಳೇ ಹುಡುಗಿಯ ಹಿಂದೆ ಕೇಸರಿ ಶಾಲಿನ ಗುಂಪು. ಯುಗಾದಿ ಹೊತ್ತಿಗೆ ಹಲಾಲ್ ಬೇಡ ಅನ್ನೋ ಕೂಗು. ಜೂನ್ 4ಕ್ಕೆ ಜಾಮಿಯಾ ಮಸೀದಿ ಮುಂದಿಟ್ಟು ‘ಶ್ರೀರಂಗಪಟ್ಟಣ ಚಲೋ’, ಊರಿಗೆಲ್ಲ ನಿಷೇಧಾಜ್ಞೆ. ಇದರಲ್ಲಿ ನನಗೆ ಮುಖ್ಯ ಅನಿಸೋದು ಹಲಾಲ್. ಹೊಸತೊಡಕು ನಮ್ಮ ಕಡೆ ಎಂಥ ಹಬ್ಬ ಅಂತ ಹೇಳಬೇಕಾಗಿಲ್ಲ. ಕುರಿ ಮೇಯಿಸೋನು ಕುರುಬ, ಸಂತೆಗೆ ತರೋನು ಒಕ್ಕಲಿಗ, ಕೊಯ್ಯೋನು ಸಾಬ, ಚರ್ಮದ ಕೆಲಸ ನಮ್ಮದು, ತಿನ್ನೋದು ಎಲ್ಲರೂ. ಈ ಸರಪಳಿ ಕಡೀರಿ ಅಂದರೆ ಯಾರ ಹೊಟ್ಟೆಗೆ ಹೊಡೆತ? ಮೈಸೂರಿನ ಶಾಂತಿನಗರದಲ್ಲಿ ದೇವನೂರ ಮಹಾದೇವ ಮತ್ತು ಗೆಳೆಯರು ಸಾಬರ ಅಂಗಡಿಗೆ ಹೋಗಿ ಮಾಂಸ ಕೊಂಡರು. ಭಾಷಣ ಇಲ್ಲ, ಬ್ಯಾನರ್ ಬಿಚ್ಚಾಟ ಇಲ್ಲ, ಕೈಯಲ್ಲಿ ಮಾಂಸದ ಚೀಲ ಅಷ್ಟೇ. ನಾನು ನೋಡಿದ ಸೌಹಾರ್ದ ಕಾರ್ಯಕ್ರಮಗಳಲ್ಲಿ ಜನಕ್ಕೆ ಪಟ್ಟಂತ ಅರ್ಥ ಆದದ್ದು ಇದೇ.

2023ರ ಮಾರ್ಚಲ್ಲಿ ಉರಿಗೌಡ-ನಂಜೇಗೌಡ. ಟಿಪ್ಪುವನ್ನ ಕೊಂದವರು ಇವರಿಬ್ಬರು ಒಕ್ಕಲಿಗರು ಅಂತ ಪ್ರಧಾನಿ ಬರುವ ದಾರಿಯಲ್ಲಿ ಕಮಾನು ನಿಲ್ಲಿಸಿದರು, ಸಚಿವರೊಬ್ಬರು ಸಿನಿಮಾ ಮಾಡ್ತೀನಿ ಅಂದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ್ದು ಬ್ರಿಟಿಷ್ ಸೈನ್ಯ, ರಾತ್ರಿ ಹೆಣಗಳ ರಾಶಿಯಲ್ಲಿ ಟಿಪ್ಪು ಹೆಣ ಹುಡುಕಿದ್ದೂ ಅವರೇ. ಸಾಹಿತಿಗಳು, ಒಕ್ಕಲಿಗ ಸಂಘಟನೆಗಳು ಎದ್ದವು. ಕೊನೆಗೆ ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಸಾಕು ನಿಲ್ಲಿಸಿ ಅಂದ ಮೇಲೆ ಸಿನಿಮಾ ನಿಂತಿತು. ಒಳ್ಳೇದಾಯ್ತು. ಆದರೆ ಯೋಚಿಸಿ, ನೂರು ಜನ ಇತಿಹಾಸ ಬಲ್ಲವರು ಹೇಳಿ ಆಗದ್ದು ಒಂದು ಮಠ ಹೇಳಿ ಆಯ್ತು. ಮಠ ಹೇಳದಿದ್ದರೆ? ಮಠವೇ ಇಲ್ಲದ ಜನ ಯಾರ ಹತ್ತಿರ ಹೋಗಬೇಕು?

ಅದೇ ಚುನಾವಣೆ ಹೊತ್ತಿಗೆ ‘ಎದ್ದೇಳು ಕರ್ನಾಟಕ’ದವರ ಜೊತೆ ದಲಿತ, ರೈತ, ಮುಸ್ಲಿಂ, ಕ್ರೈಸ್ತ ಗೆಳೆಯರು ಮನೆಮನೆ ತಿರುಗಿದರು. ಸರ್ಕಾರ ಬದಲಾಯ್ತು. ಮತಾಂತರ ಕಾಯ್ದೆ ವಾಪಸ್ ಅಂತ 2023ರ ಜೂನಲ್ಲಿ ಸಂಪುಟ ತೀರ್ಮಾನ ಮಾಡಿತು. ಪರಿಶಿಷ್ಟರನ್ನ ಮತಾಂತರ ಮಾಡಿದರೆ ಹೆಚ್ಚಿನ ಶಿಕ್ಷೆ ಅನ್ನೋ ಕಾಯ್ದೆ ಅದು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಮಾಡಿದ್ದನ್ನ ಇವತ್ತು ಮಾಡಬೇಕಾದರೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ! ಇನ್ನು 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಹಾಗೇ ಕೂತಿದೆ, 3ರಿಂದ 7 ವರ್ಷ ಜೈಲು. ಮುದಿ ಹಸು ಮಾರಲಾಗದ ಗೌಡನೂ, ಕೊಳ್ಳಲಾಗದ ಸಾಬನೂ, ತಿನ್ನಲಾಗದ ನಾವೂ ಒಂದೇ ಅರ್ಜಿಗೆ ಸಹಿ ಹಾಕಬಹುದಾದ ವಿಷಯ ಇದು. 1917ರಲ್ಲಿ ಹಾಕಿದ ಹಾಗೆ. ಯಾರೂ ಅರ್ಜಿ ಬರೀತಿಲ್ಲ.

ನಾಗಮಂಗಲಕ್ಕೆ ವಾಪಸ್ ಬರ್ತೀನಿ. 50ಕ್ಕೂ ಹೆಚ್ಚು ಜನರ ಬಂಧನ ಆಯ್ತು. ಗಣೇಶ ತಂದ ಬದ್ರಿಕೊಪ್ಪಲಿನ ಹುಡುಗರು ಭಯಕ್ಕೆ ಊರು ಬಿಟ್ಟರು, ಮುಸ್ಲಿಂ ಮನೆಗಳಲ್ಲೂ ಗಂಡಸರಿಲ್ಲ. ಕೇಸು ಸುತ್ತೋದು ಬಡವರ ಮಕ್ಕಳೇ, ಎರಡೂ ಕಡೆ. ಇಂಥ ಗಲಾಟೆ ಆದ ಮೇಲೆ ಶಾಂತಿಸಭೆ ಅಂತ ಒಂದು ನಡೆಯುತ್ತೆ. ಅಂಥ ಒಂದರಲ್ಲಿ ನಾನೂ ಕೂತಿದ್ದೆ, ಊರಿನ ಹೆಸರು ಬೇಡ. ಮುಂದಿನ ಸಾಲಲ್ಲಿ ಸ್ವಾಮೀಜಿ, ಮೌಲ್ವಿ, ಫಾದರ್, ಲೀಡರುಗಳು. ನಾವು ಬಾಗಿಲ ಹತ್ತಿರ ನಿಂತಿದ್ವಿ. ನಾವು ಯಾವ ಧರ್ಮ ಅಂತ ಅವರಿಗೆ ಗೊತ್ತಾಗಲಿಲ್ಲ ಅನಿಸುತ್ತೆ. ಗಾಡಿ ಸುಟ್ಟುಕೊಂಡವರನ್ನೂ ಯಾರೂ ಮಾತಾಡಿಸಲಿಲ್ಲ. ಫೋಟೊ ಆಯ್ತು, ಟೀ ಆಯ್ತು.

ನಾಗಮಂಗಲ ಹೊತ್ತಿ ಉರಿದು ಎರಡು ತಿಂಗಳಿಗೆ, 2024ರ ನವೆಂಬರಲ್ಲಿ, ಮಂಡ್ಯದ ಪಕ್ಕದ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರ ಗುಡಿಯೊಳಗೆ ಕಾಲಿಟ್ಟರು ಅಂತ ಕೆಲವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರಗೆ ಹೋದರು. 2025ರ ಮೇನಲ್ಲಿ ಕೆ.ಆರ್. ಪೇಟೆ ತಾಲೂಕಿನ ಕತ್ತರಘಟ್ಟದಲ್ಲಿ ನಮ್ಮ ಹುಡುಗನೊಬ್ಬ ಹುಲ್ಲಿನ ಮೆದೆಯ ಬೆಂಕಿಯಲ್ಲಿ ಸುಟ್ಟು ಸತ್ತ. ಇದು ಕೊಲೆ ಅಂತ ಬೀದಿಗಿಳಿದು ಹೇಳಬೇಕಾಯ್ತು. ಈ ಎರಡಕ್ಕೂ ಸರ್ವಧರ್ಮ ಶಾಂತಿಸಭೆ ಕರೆದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಅದಕ್ಕೆ ನಾವೊಂದಷ್ಟು ಜನ ಈ ನಾಲ್ಕೂ ತಾಲೂಕಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂತಿದ್ದೀವಿ: ಪೊಲೀಸ್ ಠಾಣೆಯ ಶಾಂತಿ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಕೇರಿಯಿಂದ ಎಷ್ಟು ಜನ, ಹೆಣ್ಣುಮಕ್ಕಳೆಷ್ಟು, ಕೊನೆಯ ಸಭೆ ಯಾವಾಗ ಆಯ್ತು. ಮುಸ್ಲಿಂ ಗೆಳೆಯರು, ರೈತಸಂಘದವರು ಜೊತೆಗೆ ಸಹಿ ಹಾಕ್ತೀವಿ ಅಂದಿದ್ದಾರೆ. ನಿಮ್ಮ ತಾಲೂಕಿನ ಪಟ್ಟಿ ಮೊದಲೇ ಸಿಕ್ಕಿದ್ದರೆ ಕಳಿಸಿ, ಒಟ್ಟಿಗೆ ಜೋಡಿಸೋಣ.

ಜೈ ಭೀಮ್.