ಮೊದಲು ಬದಲಿಸುವುದು ಯಾವುದು, ಮುಳ್ಳೋ ಸ್ಪೀಕರೋ?

ಮನೆಯ ಸ್ಟೀರಿಯೋ ಇನ್ನಷ್ಟು ಚೆನ್ನಾಗಿ ಹಾಡಬೇಕು ಎಂದು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಬದಲಿಸುವುದು ಯಾವುದನ್ನು? ಪ್ಲೇಟು ತಿರುಗಿಸುವ ಟರ್ನ್‌ಟೇಬಲನ್ನೇ, ಮುಳ್ಳಿನಿಂದ ಬಂದ ಕ್ಷೀಣ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರನ್ನೇ ಅಥವಾ ಕೊನೆಯಲ್ಲಿ ಗಾಳಿಯನ್ನು ಅಲುಗಿಸುವ ಸ್ಪೀಕರನ್ನೇ? ಎಲ್ಲವನ್ನೂ ಒಟ್ಟಿಗೆ ಕೊಳ್ಳಬಲ್ಲ ಶ್ರೀಮಂತರಿಗೆ ಈ ಚಿಂತೆಯಿಲ್ಲ. ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಒಂದೊಂದಾಗಿ ಕೊಳ್ಳುವವರ ಪ್ರಶ್ನೆ ಇದು. ಸ್ವಾರಸ್ಯವೆಂದರೆ, ಮುಕ್ಕಾಲು ಶತಮಾನದಲ್ಲಿ ಇದಕ್ಕೆ ಸಿಕ್ಕ ಉತ್ತರ ಹಲವು ಬಾರಿ ಮಗ್ಗುಲು ಬದಲಿಸಿದೆ. ಉತ್ತರ ಕೊಟ್ಟವರು ಬಹುಮಟ್ಟಿಗೆ ಆಯಾ ಭಾಗವನ್ನೇ ಮಾರುತ್ತಿದ್ದವರು ಎಂಬುದನ್ನೂ ಮರೆಯುವಂತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಎಲ್ಲರ ಕಣ್ಣು ಆಂಪ್ಲಿಫೈಯರಿನ ಮೇಲಿತ್ತು. 1945ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಲೀಕ್ ತಂದ ಯಂತ್ರದ ಹೆಸರೇ 'ಪಾಯಿಂಟ್ ಒನ್'. ಮೂಲ ಧ್ವನಿಯನ್ನು ಅದು ಕೆಡಿಸುವ ಪ್ರಮಾಣ ಶೇಕಡಾ 0.1 ಮಾತ್ರ ಎಂಬುದು ಆ ಹೆಸರಿನ ಅರ್ಥ. 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ತಮ್ಮ ಆಂಪ್ಲಿಫೈಯರಿನ ವಿನ್ಯಾಸವನ್ನು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬಿಡಿಸಿಟ್ಟಾಗ ಹವ್ಯಾಸಿಗಳು ವಾಲ್ವುಗಳನ್ನು ತಂದು ಮನೆಯಲ್ಲೇ ಅದನ್ನು ಜೋಡಿಸತೊಡಗಿದರು. ಮರುವರ್ಷ, 1948ರಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಂದಿತು. 78 ಸುತ್ತಿನ ಹಳೆಯ ಪ್ಲೇಟುಗಳ ಕರಕರ ಸದ್ದು ಬಹಳಷ್ಟು ತಗ್ಗಿತು. ಆಂಪ್ಲಿಫೈಯರ್ ಸರಿಹೋಯಿತು, ಪ್ಲೇಟೂ ಸರಿಹೋಯಿತು. ಈಗ ಬೆರಳು ಸ್ಪೀಕರಿನತ್ತ ತಿರುಗಿತು.

ಮಂದ್ರ ಸ್ವರಗಳು ಸರಿಯಾಗಿ ಕೇಳಬೇಕಾದರೆ ಆಗ ಅಲಮಾರಿನ ಗಾತ್ರದ ಪೆಟ್ಟಿಗೆಯೇ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿ ಎಆರ್-1 ಎಂಬ ಪುಟ್ಟ ಸ್ಪೀಕರ್ ತಂದರು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡದ್ದು ವಿಲ್ಚರ್ ಅವರ ಜಾಣತನ. ಈ ಕಂಪನಿ ಏರ್ಪಡಿಸಿದ ಕಛೇರಿಗಳಲ್ಲಿ ಫೈನ್ ಆರ್ಟ್ಸ್ ಕ್ವಾರ್ಟೆಟ್ ತಂಡದ ನಾಲ್ವರು ನುಡಿಸುತ್ತಿದ್ದಂತೆಯೇ ನಡುವೆ ಕಮಾನನ್ನು ತಂತಿಗೆ ತಾಗಿಸದೆ ಸುಮ್ಮನೆ ಆಡಿಸುತ್ತಿದ್ದರು. ಸಂಗೀತ ಮುದ್ರಿಕೆಯಿಂದ ಸ್ಪೀಕರಿನಲ್ಲಿ ಮುಂದುವರಿಯುತ್ತಿತ್ತು. ಅದಲುಬದಲಾದದ್ದು ಯಾವಾಗ ಎಂದು ಸಭಿಕರಲ್ಲಿ ಬಹಳ ಮಂದಿಗೆ ತಿಳಿಯಲಿಲ್ಲ. 1958ರ ಹೊತ್ತಿಗೆ ಸ್ಟೀರಿಯೋ ಪ್ಲೇಟುಗಳು ಮಾರುಕಟ್ಟೆಗೆ ಬಂದು ಒಂದರ ಜಾಗದಲ್ಲಿ ಎರಡು ಸ್ಪೀಕರ್ ಬೇಕಾದವು. ಹಾಲಿನಲ್ಲಿ ಎರಡೆರಡು ಅಲಮಾರು ಇಡುವವರು ಯಾರು? ಪುಟ್ಟ ಪೆಟ್ಟಿಗೆಯ ಬೆಲೆ ಆಗ ಎಲ್ಲರಿಗೂ ಅರ್ಥವಾಯಿತು. ದುಡ್ಡಿನ ಬಹುಪಾಲು ಸ್ಪೀಕರಿಗೆ ಎಂಬುದು ರೂಢಿಯ ಮಾತಾಯಿತು.

ಈ ಮಾತನ್ನು ತಲೆಕೆಳಗು ಮಾಡಿದವರು ಸ್ಕಾಟ್ಲೆಂಡಿನ ಐವರ್ ಟೀಫನ್‌ಬ್ರನ್. ಅವರ ತಂದೆಗೆ ಗ್ಲಾಸ್ಗೋದಲ್ಲಿ ಯಂತ್ರಭಾಗಗಳ ಕಾರ್ಖಾನೆಯಿತ್ತು. ಮಗ 1973ರಲ್ಲಿ ಲಿನ್ ಕಂಪನಿ ಆರಂಭಿಸಿ, ಸೊಂಡೆಕ್ ಎಲ್‌ಪಿ-12 ಎಂಬ ಟರ್ನ್‌ಟೇಬಲ್ ಮಾರಲು ಹೊರಟರು. ಸಮವೇಗದಲ್ಲಿ ತಿರುಗುವುದಷ್ಟೇ ಟರ್ನ್‌ಟೇಬಲಿನ ಕೆಲಸ, ಅದಕ್ಕೆ ಅಷ್ಟೊಂದು ಹಣವೇಕೆ ಎಂದು ಜನ ಕೇಳುತ್ತಿದ್ದ ಕಾಲ. ಟೀಫನ್‌ಬ್ರನ್ ವಾದ ಸರಳವಾಗಿತ್ತು. ಪ್ಲೇಟಿನ ಗೀರು ಕೂದಲೆಳೆಯಷ್ಟು ಸಣ್ಣದು. ಅದರ ಗೋಡೆಯ ಮೇಲಿನ ಏರಿಳಿತ ಇನ್ನೂ ಸೂಕ್ಷ್ಮ. ಮೋಟರಿನ ನಡುಕ ಮುಳ್ಳಿಗೆ ತಾಗಿದರೆ ಆ ಏರಿಳಿತ ಅದರಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ಕಳೆದುಹೋದದ್ದನ್ನು ಮುಂದಿನ ಯಾವ ಯಂತ್ರವೂ ಹುಡುಕಿ ತರಲಾರದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಾವಿಯಲ್ಲಿಲ್ಲದ ನೀರು ಕೊಡಕ್ಕೆ ಎಲ್ಲಿಂದ ಬಂದೀತು? ಆದ್ದರಿಂದ ಮೊದಲು ಟರ್ನ್‌ಟೇಬಲ್, ಆಮೇಲೆ ಮುಳ್ಳನ್ನು ಹಿಡಿಯುವ ತೋಳು, ನಂತರ ಮುಳ್ಳು, ಆಂಪ್ಲಿಫೈಯರ್, ಎಲ್ಲಕ್ಕಿಂತ ಕೊನೆಗೆ ಸ್ಪೀಕರ್. ಅಂಗಡಿಯ ಕೋಣೆಯಲ್ಲಿ ಹಾಡುತ್ತಿರುವ ಜೋಡಿಯ ಹೊರತು ಬೇರೆ ಸ್ಪೀಕರ್ ಇರಕೂಡದು, ಸುಮ್ಮನಿರುವ ಸ್ಪೀಕರೂ ಅದುರಿ ಧ್ವನಿ ಕೆಡಿಸುತ್ತದೆ ಎಂದೂ ಲಿನ್ ಪಟ್ಟುಹಿಡಿಯಿತು. ಬ್ರಿಟನ್ನಿನ ಹೈ-ಫೈ ಪತ್ರಿಕೆಗಳಲ್ಲಿ ಹಲವು ಈ ವಾದಕ್ಕೆ ಒಲಿದವು. ಅಗ್ಗದ ಸ್ಪೀಕರಿಗೆ ದುಬಾರಿ ಟರ್ನ್‌ಟೇಬಲ್ ಜೋಡಿಸುವುದು ರಸಿಕರ ಲಕ್ಷಣವಾಯಿತು.

ವಾದದಲ್ಲಿ ತಿರುಳಿಲ್ಲದಿರಲಿಲ್ಲ. ಮುಳ್ಳಿನಿಂದ ಸಂಗೀತ ಕೇಳುವವರೆಗೆ ಅದು ಬಹುಪಾಲು ನಿಜವೇ. ಆದರೆ 1982ರ ಅಕ್ಟೋಬರ್ 1ರಂದು ಸೋನಿ ಕಂಪನಿ ಜಪಾನಿನಲ್ಲಿ ಮೊದಲ ಸಿ.ಡಿ. ಪ್ಲೇಯರನ್ನು 1,68,000 ಯೆನ್‌ಗೆ ಮಾರಾಟಕ್ಕಿಟ್ಟಿತು. ಸಿ.ಡಿ.ಯಲ್ಲಿ ಸಂಗೀತವೆಂದರೆ ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಟ್ಟ ಅಂಕಿಗಳು. ಅವನ್ನು ಓದುವುದು ಬೆಳಕು, ಮುಳ್ಳಲ್ಲ. ಬೆಲೆ ಇಳಿಯುತ್ತ ಬಂದಂತೆ ಸಾಧಾರಣ ಪ್ಲೇಯರೂ ಅಂಕಿಗಳನ್ನು ಸರಿಯಾಗಿಯೇ ಓದತೊಡಗಿತು. ಬಾವಿಯ ನೀರು ಎಲ್ಲರಿಗೂ ಸುಲಭದಲ್ಲಿ ತಿಳಿಯಾಯಿತು.

ಆಂಪ್ಲಿಫೈಯರಿನ ಗತಿಯೂ ಹೆಚ್ಚು ಕಡಿಮೆ ಅದೇ. 1987ರಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಸುಮಾರು 220 ಡಾಲರಿನಿಂದ 12 ಸಾವಿರ ಡಾಲರ್‌ವರೆಗಿನ ಆಂಪ್ಲಿಫೈಯರುಗಳನ್ನು ಹೆಸರು ಮರೆಮಾಡಿ ಕೇಳಿಸಿತು. ಕೇಳುಗರ ಉತ್ತರ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಮೇಲಾಗಿರಲಿಲ್ಲ. ಸ್ಪೀಕರಿನ ಕಥೆ ಹಾಗಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಪರದೆಯ ಹಿಂದೆ ಸ್ಪೀಕರುಗಳನ್ನಿಟ್ಟು ಕೇಳಿಸಿದಾಗ ವ್ಯತ್ಯಾಸ ಎದ್ದು ಕೇಳಿಸಿತು. ಯಾವುದು ಮೇಲು ಎಂಬ ಬಗ್ಗೆ ಬಹುತೇಕರ ಅಭಿಪ್ರಾಯವೂ ಒಂದೇ ಆಗಿತ್ತು. ಮುಂದೆ ಹರ್ಮನ್ ಕಂಪನಿಗೆ ಸೇರಿದ ಅವರು, ಸಹೋದ್ಯೋಗಿ ಶಾನ್ ಆಲಿವ್ ಜತೆ 1994ರಲ್ಲಿ ಪರದೆ ಸರಿಸಿಯೂ ಪರೀಕ್ಷೆ ನಡೆಸಿದರು. ದೊಡ್ಡದಾಗಿ, ದುಬಾರಿಯಾಗಿ ಕಾಣುವ ಸ್ಪೀಕರಿಗೆ ತಟ್ಟನೆ ಅಂಕ ಏರಿತು. ಚಿಕ್ಕದರ ಅಂಕ ಇಳಿಯಿತು. ಅಂಕ ಕೊಟ್ಟವರು ಅದೇ ಕಂಪನಿಯ ನೌಕರರು!

ಹಾಗಾದರೆ ಇವತ್ತು ಕೊಳ್ಳುವವರು ಏನು ಮಾಡಬೇಕು? ಹಾಡು ಸಿ.ಡಿ.ಯಿಂದಲೋ ಫೋನಿನಿಂದಲೋ ಬರುತ್ತಿದ್ದರೆ ಮೊದಲು ಸ್ಪೀಕರ್ ಬದಲಿಸುವುದೇ ಸರಿ ಎಂದು ನನಗೆ ತೋರುತ್ತದೆ. ಪ್ಲೇಟು ಕೇಳುವವರು ಸವೆದ ಮುಳ್ಳನ್ನು ಮೊದಲು ನೋಡಿಕೊಳ್ಳಲಿ. ಸವೆದದ್ದು ಧ್ವನಿಯನ್ನಷ್ಟೇ ಅಲ್ಲ, ಪ್ಲೇಟನ್ನೂ ಹಾಳುಮಾಡುತ್ತದೆ. ಅದಕ್ಕೂ ಮುಂಚೆ ಕಾಸಿಲ್ಲದೆ ಆಗುವ ಕೆಲಸವೊಂದುಂಟು. ಮಂದ್ರ ಸ್ವರಗಳನ್ನು ಹೆಚ್ಚಾಗಿ ರೂಪಿಸುವುದು ಕೋಣೆಯೇ. ನಮ್ಮ ಮನೆಗಳ ಮೊಸಾಯಿಕ್ ನೆಲ, ಬರಿಯ ಗೋಡೆಗಳಲ್ಲಿ ಮೇಲಿನ ಸ್ವರಗಳೂ ಚೆಂಡಿನಂತೆ ಪುಟಿಯುತ್ತವೆ. ಶೋಕೇಸಿನೊಳಗೆ ಕುಳಿತ ಸ್ಪೀಕರನ್ನು ಹೊರತಂದು, ಮೂಲೆಯಿಂದ ಎರಡಡಿ ಸರಿಸಿ, ಕಿವಿಯ ಮಟ್ಟಕ್ಕೆ ಇಟ್ಟು, ನೆಲಕ್ಕೊಂದು ಜಮಖಾನೆ ಹಾಸಿ ಕೇಳಿನೋಡಬಹುದು.

ಎಲ್‌ಪಿ-12ರ ಕಥೆ ಮಾತ್ರ ಮುಗಿದಿಲ್ಲ. ಲಿನ್ ಕಂಪನಿ ಸಿ.ಡಿ. ಪ್ಲೇಯರುಗಳನ್ನೂ ಮಾಡಿತು, 2009ರಲ್ಲಿ ಅವನ್ನು ನಿಲ್ಲಿಸುವುದಾಗಿ ಸಾರಿತು. ಟರ್ನ್‌ಟೇಬಲನ್ನು ಬಿಡಲಿಲ್ಲ. 2023ರಲ್ಲಿ ಐವತ್ತರ ನೆನಪಿಗೆ ಹೊರತಂದ ವಿಶೇಷ ಎಲ್‌ಪಿ-12 ಕೇವಲ 250. ಒಂದೊಂದರ ಬೆಲೆ 50 ಸಾವಿರ ಪೌಂಡ್.